ಮನೆ, ಪುಸ್ತಕ, ಗೆಳೆಯ: ನೈರೋಬಿಯ ಜೋಸೆಫ್ ಮುರುಂಬಿ

ಪ್ರತಿ ವರ್ಷದ ಸಂಚಿಕೆಯಲ್ಲಿ ಒಬ್ಬ ಹಿರಿಯರ ಬದುಕನ್ನು ಪರಿಚಯ ಮಾಡಿಕೊಡುವುದು ನಮ್ಮ ಸಂಘದ ವಾಡಿಕೆ. ಹೆಚ್ಚಾಗಿ ಅವರು ಕವಿಗಳೋ ವಿಜ್ಞಾನಿಗಳೋ ಆಗಿರುತ್ತಾರೆ. ಹುಟ್ಟಿದ್ದು, ಓದಿದ್ದು, ಪಡೆದ ಪ್ರಶಸ್ತಿ ಇಷ್ಟು ಹೇಳಿ ಮುಗಿಸುತ್ತೇವೆ. ನೈರೋಬಿಯಲ್ಲಿ ಓದುತ್ತಿರುವ ನಾವು ಈ ಸಲ ಇಲ್ಲಿಯವರನ್ನೇ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಅವರು ಕೀನ್ಯಾದ ಎರಡನೇ ಉಪಾಧ್ಯಕ್ಷರಾಗಿದ್ದ ಜೋಸೆಫ್ ಮುರುಂಬಿ. ಆದರೆ ಇಲ್ಲಿ ಹೇಳಲು ಹೊರಟಿರುವುದು ಅವರ ಅಧಿಕಾರದ ಕತೆಯನ್ನಲ್ಲ, ಅದು ಒಂದು ವರ್ಷವೂ ತುಂಬಲಿಲ್ಲ. ಪುಸ್ತಕ, ಅಂಚೆಚೀಟಿ, ಮರಗಿಡ, ಮನೆ, ಹೆಂಡತಿ, ಗೆಳೆಯ, ಹೀಗೆ ನಾವೆಲ್ಲ ದಿನಾ ಮಾತಾಡುವ ವಿಷಯಗಳ ಮೂಲಕವೇ ಅವರ ಬದುಕನ್ನು ನೋಡೋಣ.

ನಮ್ಮ ಮಾತುಕತೆ ಹೇಗಿರುತ್ತದೆ ಅಂತ ಓದುಗರಿಗೆ ಗೊತ್ತೇ ಇದೆ. ಶನಿವಾರ ಬಂತೆಂದರೆ ಗೋರ್ ಮಾಹಿಯಾ ಮತ್ತು ಎಎಫ್‌ಸಿ ಲೆಪರ್ಡ್ಸ್ ತಂಡಗಳ ಫುಟ್‌ಬಾಲ್ ಜಗಳ. ಆಮೇಲೆ ಯಾರ ರೂಮಿನಲ್ಲಿ ಸಾರು, ಯಾರ ರೂಮಿನಲ್ಲಿ ಸುಕುಮಾ ವೀಕಿ ಸೊಪ್ಪಿನ ಪಲ್ಯ ಅನ್ನುವ ಲೆಕ್ಕಾಚಾರ. ಆಮೇಲೆ ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಮನೆಯಲ್ಲಿ ಮದುವೆಗೆ ಒಪ್ಪಿದರು ಅನ್ನುವ ಸುದ್ದಿ. ದೊಡ್ಡವರ ಕಣ್ಣಿಗೆ ಇದೆಲ್ಲ ಕಾಡುಹರಟೆ. ಓದು ಮುಗಿದ ಮೇಲೆ, ಕೆಲಸ ಮುಗಿದ ಮೇಲೆ, ಸಮಯ ಉಳಿದರೆ ಮಾಡಬಹುದಾದದ್ದು. ಮುರುಂಬಿಯವರ ಬದುಕು ಓದಿದಾಗ ನಮಗೆ ಈ ಲೆಕ್ಕ ಉಲ್ಟಾ ಇರಬಹುದು ಅನ್ನಿಸಿತು. ಅವರು ಹಿಡಿದ ಹುದ್ದೆಗಳ ಹೆಸರು ಇವತ್ತು ಪರೀಕ್ಷೆಗೆ ಓದುವ ಮಕ್ಕಳಿಗೆ ಬಿಟ್ಟರೆ ಹೆಚ್ಚಿನವರಿಗೆ ನೆನಪಿಲ್ಲ. ಬಿಡುವಿನ ವೇಳೆಯಲ್ಲಿ ಕೂಡಿಟ್ಟ ವಸ್ತುಗಳು ಮಾತ್ರ ನಗರದ ನಡುಮಧ್ಯೆ ಇವೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಕನ್ನಡದವರಾದ ನಮಗೆ ಇನ್ನೊಂದು ಕಾರಣವೂ ಉಂಟು. ಮುರುಂಬಿ ಶಾಲೆಗೆ ಹೋದದ್ದು ಬೆಂಗಳೂರಿನಲ್ಲಿ ಮತ್ತು ಬಳ್ಳಾರಿಯಲ್ಲಿ!

ಎರಡು ಕಡೆಯ ಹುಡುಗ

ಜೋಸೆಫ್ ಹುಟ್ಟಿದ್ದು 1911ರ ಜೂನ್ 18ರಂದು, ಕೀನ್ಯಾದ ರಿಫ್ಟ್ ಕಣಿವೆಯ ಸೀಮೆಯಲ್ಲಿ. ತಂದೆ ಗೋವಾ ಮೂಲದ ವ್ಯಾಪಾರಿ, ಝುಝಾರ್ತೆ ಮನೆತನದವರು. ತಾಯಿ ಮಾಸಾಯಿ ಹೆಣ್ಣುಮಗಳು, ಲೈಬೋನ್ ಎಂದು ಕರೆಸಿಕೊಳ್ಳುವ ಮಾಸಾಯಿ ಧರ್ಮಗುರುಗಳ ಮನೆತನದವರು.

ಆ ಕಾಲದ ಕೀನ್ಯಾವನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಾಕಲು 1896ರಿಂದ 1901ರವರೆಗೆ ಸುಮಾರು 32,000 ಕೂಲಿಗಳನ್ನು ಭಾರತದಿಂದ ತಂದಿದ್ದರು. ನೈರೋಬಿ ಊರು ಶುರುವಾದದ್ದೇ 1899ರಲ್ಲಿ, ರೈಲಿನವರ ಬಿಡಾರವಾಗಿ. ಹಳಿಯ ಹಿಂದೆಯೇ ಅಂಗಡಿಯವರು ಬಂದರು, ಗುಮಾಸ್ತರು ಬಂದರು. ಗುಜರಾತಿಗಳು, ಪಂಜಾಬಿಗಳು, ಗೋವಾದವರು. ಸ್ವಾಹಿಲಿಯಲ್ಲಿ ಇವತ್ತಿಗೂ ಅಂಗಡಿಗೆ ದುಕಾ, ಕಾರಿಗೆ ಗಾರಿ, ಚಪಾತಿಗೆ ಚಪಾತಿ. ಒಬ್ಬ ಗೋವಾದ ಅಂಗಡಿಯವರೂ ಒಬ್ಬ ಮಾಸಾಯಿ ಹೆಂಗಸೂ ಒಂದಾದದ್ದು ಆ ಹಳಿಯ ಪಕ್ಕದ ಜಗತ್ತಿನಲ್ಲಿ. ಸಂಸಾರ ಬಹಳ ಕಾಲ ಉಳಿಯಲಿಲ್ಲ, ಅಪ್ಪ ಅಮ್ಮ ಬೇರೆಯಾದರು.

ಬ್ರಿಟಿಷರ ಕೀನ್ಯಾದಲ್ಲಿ ಬಣ್ಣದ ಪ್ರಕಾರ ಶಾಲೆ, ಬಣ್ಣದ ಪ್ರಕಾರ ಆಸ್ಪತ್ರೆ, ಬಣ್ಣದ ಪ್ರಕಾರ ಸಂಬಳ. ಬಿಳಿಯರಿಗೆ ಒಂದು, ಭಾರತೀಯರಿಗೆ ಒಂದು, ಆಫ್ರಿಕನ್ನರಿಗೆ ಒಂದು. ಎರಡು ಕಡೆಗೂ ಸೇರಿದ ಮಗು ಯಾವ ಸಾಲಿನಲ್ಲಿ ನಿಲ್ಲಬೇಕು? ತಂದೆ ಮಗನನ್ನು ಚಿಕ್ಕಂದಿನಲ್ಲೇ ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಮ್ಮ ಹಳೇ ಮೈಸೂರಿನ ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ನಮ್ಮ ಕಡೆ ಬಂತು. ಇಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ವಿಂಬಿ ಹಿಟ್ಟಿನ ಉಗಾಲಿಯನ್ನು ತಟ್ಟೆಯಲ್ಲಿ ನೋಡಿದ ಮಂಡ್ಯದ ಹುಡುಗ ಅದನ್ನು ಮುದ್ದೆ ಅಂತಲೇ ಕರೆಯುತ್ತಾನೆ, ಸಾರಿಗೆ ಕೈ ಚಾಚುತ್ತಾನೆ. ಆ ಧಾನ್ಯ ಹೋದ ದಿಕ್ಕಿನಲ್ಲೇ ಪುಟ್ಟ ಜೋಸೆಫ್ ಕೂಡ ಹೋದ ಅಂತ ನಾವು ಅಂದುಕೊಳ್ಳುತ್ತೇವೆ.

ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕಾನ್ವೆಂಟ್, ಆಮೇಲೆ ಬಳ್ಳಾರಿಯಲ್ಲಿ ಸೇಂಟ್ ಪ್ಯಾಂಕ್ರಾಸ್ ವಸತಿ ಶಾಲೆ. ಆಗಿನ್ನೂ ಕರ್ನಾಟಕ ಅನ್ನುವ ರಾಜ್ಯ ಇರಲಿಲ್ಲ. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು, ಅದರ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಹೀಗೆ ಕೀನ್ಯಾದಲ್ಲಿ ಎರಡು ಗುಂಪುಗಳ ನಡುವೆ ಹುಟ್ಟಿದ ಹುಡುಗ ಬೆಳೆದದ್ದು ಹಂಚಿಹೋಗಿದ್ದ ಕನ್ನಡ ನಾಡಿನ ಎರಡು ಆಡಳಿತಗಳ ನಡುವೆ. ರಜೆಗೆ ಮನೆಗೆ ಹೋಗಿಬರುವ ದೂರ ಅದಲ್ಲ. ಇವತ್ತು ನಮ್ಮಲ್ಲಿ ಯಾರಿಗಾದರೂ ಮನೆ ನೆನಪಾದರೆ ವೀಡಿಯೋ ಕರೆ ಮಾಡಿ ಅಮ್ಮನಿಗೆ ಒಗ್ಗರಣೆ ತೋರಿಸುತ್ತೇವೆ. ಆ ಹುಡುಗನಿಗೆ ಇದ್ದದ್ದು ಹಡಗಿನ ಅಂಚೆ ಮಾತ್ರ.

ಹೆಸರು ಬದಲಾಯಿಸಿಕೊಂಡವರು

ಜೋಸೆಫ್ ಕೀನ್ಯಾಕ್ಕೆ ವಾಪಸು ಬಂದದ್ದು 1930ರ ದಶಕದಲ್ಲಿ. ಓದಿದ್ದು ಇಂಗ್ಲಿಷಿನಲ್ಲಿ, ಬೆಳೆದದ್ದು ದಕ್ಷಿಣ ಭಾರತದಲ್ಲಿ, ಕಾಗದದ ಮೇಲಿನ ಹೆಸರು ಗೋವಾದ್ದು. ಭಾರತೀಯರ ಸಾಲಿನಲ್ಲಿ ನಿಂತಿದ್ದರೆ ಸಂಬಳ ಹೆಚ್ಚು, ಮರ್ಯಾದೆಯೂ ಒಂದು ಗುಲಗಂಜಿ ಹೆಚ್ಚು. ಕಾಲಕ್ರಮದಲ್ಲಿ ಅವರು ತಾಯಿಯ ಕಡೆಯ ಮುರುಂಬಿ ಎಂಬ ಹೆಸರನ್ನು ತಮ್ಮದಾಗಿಸಿಕೊಂಡರು, ತಾನು ಆಫ್ರಿಕನ್ ಎಂದು ನಿಂತರು. ಲಾಭ ನೋಡುವವರು ಮಾಡುವ ಆಯ್ಕೆ ಅದಲ್ಲ. ತಂದೆಯನ್ನು ತಳ್ಳಿಹಾಕಿದರು ಅಂತಲೂ ಅಲ್ಲ. ಗೋವಾದವರ ಜೊತೆಗಿನ ನಂಟು ಕೊನೆಯವರೆಗೂ ಇತ್ತು, ಮುಂದೆ ಬರುವ ಗೆಳೆಯನ ಕತೆಯೇ ಅದಕ್ಕೆ ಸಾಕ್ಷಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಸೋಮಾಲಿಯಾವನ್ನು ಇಟಲಿಯಿಂದ ಕಿತ್ತುಕೊಂಡರು. ಅಲ್ಲಿಯ ಬ್ರಿಟಿಷ್ ಆಡಳಿತದಲ್ಲಿ ಮುರುಂಬಿ ಸುಮಾರು ಹತ್ತು ವರ್ಷ ಗುಮಾಸ್ತರಾಗಿ ದುಡಿದರು. ಫೈಲು, ರಿಜಿಸ್ಟರು, ಲೆಕ್ಕ. ಕಾಗದವನ್ನು ಜೋಪಾನವಾಗಿ ಇಡುವುದು ಅವರ ಹೊಟ್ಟೆಪಾಡೂ ಆಗಿತ್ತು.

1950ರ ದಶಕ ಶುರುವಾಗುವಾಗ ನೈರೋಬಿಗೆ ಮರಳಿದರು. ಅಲ್ಲಿ ಸಿಕ್ಕಿದವರು ಪಿಯೋ ಗಾಮಾ ಪಿಂಟೊ.

ಧಾರವಾಡದಲ್ಲಿ ಓದಿದ ಗೆಳೆಯ

ಪಿಂಟೊ ಮುರುಂಬಿಗಿಂತ ಹದಿನಾರು ವರ್ಷ ಚಿಕ್ಕವರು. ಹುಟ್ಟಿದ್ದು 1927ರ ಮಾರ್ಚ್ 31ರಂದು ನೈರೋಬಿಯಲ್ಲೇ, ಗೋವಾ ಮೂಲದ ಮನೆಯಲ್ಲಿ. ಎಂಟನೇ ವಯಸ್ಸಿಗೆ ಅವರನ್ನೂ ಓದಲು ಭಾರತಕ್ಕೆ ಕಳಿಸಿದರು. ಗೋವಾದ ಅರ್ಪೋರಾದಲ್ಲಿ ಮೆಟ್ರಿಕ್, ಆಮೇಲೆ ಎರಡು ವರ್ಷ ವಿಜ್ಞಾನ. ಅದು ಎಲ್ಲಿ ಗೊತ್ತಾ? ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. 1917ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಓದಿದ ಹಿರಿಯರ ಪಟ್ಟಿಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಆ ಪಟ್ಟಿಯಲ್ಲಿ ಈ ಹೆಸರು ಕೇಳಿದ್ದು ಕಡಿಮೆ.

ಧಾರವಾಡದಿಂದ ವಾಯುಪಡೆಯಲ್ಲಿ ತರಬೇತಿ, ಅಲ್ಲಿಂದ ಮುಂಬಯಿಯ ಅಂಚೆ ತಂತಿ ಕಚೇರಿಯಲ್ಲಿ ನೌಕರಿ, ಅಲ್ಲಿ ಮುಷ್ಕರ, ಪೋರ್ಚುಗೀಸರಿಂದ ಗೋವಾ ಬಿಡಿಸುವ ಚಳವಳಿ. ಬಂಧನದ ಭಯ ಬೆನ್ನಿಗೆ ಬಿದ್ದಾಗ 1949ರಲ್ಲಿ ಕೀನ್ಯಾಕ್ಕೆ ಮರಳಿದರು. ಬಂದವರೇ ಪತ್ರಿಕೆ, ಕಾರ್ಮಿಕ ಸಂಘ, ಸ್ವಾತಂತ್ರ್ಯ ಹೋರಾಟ ಎಂದು ಓಡಾಡತೊಡಗಿದರು. ಕೈಯಲ್ಲಿ ಕಾಸು ನಿಲ್ಲದ ಮನುಷ್ಯ, ಸಂಬಳ ಬಂದರೆ ಯಾರಿಗಾದರೂ ಕೊಟ್ಟಾಗಿರುತ್ತಿತ್ತು. ಮನೆ ನಡೆಸಲು ಹೆಂಡತಿ ಎಮ್ಮಾ ಸೆಕ್ರೆಟರಿ ಕೆಲಸ ಮಾಡಿದರು.

ಮುರುಂಬಿ ಬೆಂಗಳೂರು, ಬಳ್ಳಾರಿ, ಪಿಂಟೊ ಧಾರವಾಡ. ಕಾಲ ಬೇರೆ, ಊರು ಬೇರೆ. ಕನ್ನಡ ನಾಡಿನಲ್ಲಿ ಭೇಟಿಯಾಗದ ಇಬ್ಬರು ನೈರೋಬಿಯಲ್ಲಿ ಜೀವದ ಗೆಳೆಯರಾದರು. ಮುರುಂಬಿ ರಾಜಕೀಯಕ್ಕೆ ಇಳಿದದ್ದರಲ್ಲಿ ಪಿಂಟೊ ಕೈವಾಡ ದೊಡ್ಡದು. ಹಿರಿಯ ನಿಧಾನಸ್ಥ, ಕಿರಿಯ ಬಿರುಗಾಳಿ. ಇಂಥ ಜೋಡಿ ನಮ್ಮ ಹಾಸ್ಟೆಲಿನಲ್ಲೂ ಒಂದೆರಡು ಇವೆ ಬಿಡಿ.

1952ರ ಅಕ್ಟೋಬರ್ 20ರಂದು ಬ್ರಿಟಿಷ್ ಸರ್ಕಾರ ಕೀನ್ಯಾದಲ್ಲಿ ತುರ್ತು ಪರಿಸ್ಥಿತಿ ಹೇರಿತು. ಜೋಮೋ ಕೆನ್ಯಾಟಾ ಮತ್ತು ಸಂಗಾತಿಗಳನ್ನು ಹಿಡಿದರು. ಕೀನ್ಯಾ ಆಫ್ರಿಕನ್ ಯೂನಿಯನ್ ಪಕ್ಷದಲ್ಲಿ ಹೊಣೆ ಹೊರಲು ಹೊರಗೆ ಉಳಿದವರೇ ಕಡಿಮೆ. ಮುರುಂಬಿ ಹಂಗಾಮಿ ಪ್ರಧಾನ ಕಾರ್ಯದರ್ಶಿಯಾದರು. 1953ರಲ್ಲಿ ದೇಶದ ಹೊರಗೆ ಹೋಗಿ ಕೀನ್ಯಾದ ಪರಿಸ್ಥಿತಿಯನ್ನು ಜಗತ್ತಿಗೆ ಹೇಳುವ ಕೆಲಸ ಹೊತ್ತರು. ಭಾರತಕ್ಕೆ ಹೋದರು, ಈಜಿಪ್ಟಿಗೆ ಹೋದರು, ಲಂಡನ್ ತಲುಪಿದರು. ಅದೇ ವರ್ಷ ಜೂನ್‌ನಲ್ಲಿ ಪಕ್ಷವನ್ನೇ ನಿಷೇಧಿಸಲಾಯಿತು. ಮುರುಂಬಿಗೆ ವಾಪಸು ಬರುವ ದಾರಿ ಮುಚ್ಚಿತು. ಒಂಬತ್ತು ವರ್ಷ ಲಂಡನ್ನಿನಲ್ಲೇ ಉಳಿಯಬೇಕಾಯಿತು.

ಪಿಂಟೊ ನೈರೋಬಿಯಲ್ಲೇ ಉಳಿದರು. 1954ರ ಜನವರಿಯಲ್ಲಿ ಎಮ್ಮಾ ಜೊತೆ ಮದುವೆಯಾಯಿತು. ಮದುವೆಯಾಗಿ ಐದು ತಿಂಗಳಿಗೆ ಸರ್ಕಾರ ಹಿಡಿದುಕೊಂಡು ಹೋಯಿತು. ಹಿಂದೂ ಮಹಾಸಾಗರದ ಮಾಂಡಾ ದ್ವೀಪದ ಶಿಬಿರದಲ್ಲಿ ಸುಮಾರು ನಾಲ್ಕು ವರ್ಷ, ಆಮೇಲೆ 1959ರವರೆಗೆ ಕಬರ್ನೆಟ್ ಎಂಬ ದೂರದ ಊರಿನಲ್ಲಿ ನಿರ್ಬಂಧ. ಹೊಸ ಹೆಂಡತಿ ಒಂಟಿಯಾಗಿ ಸಂಸಾರ ಎಳೆದರು. ಗಂಡ ಕಬರ್ನೆಟ್‌ಗೆ ಬಂದ ಮೇಲಷ್ಟೇ ಜೊತೆಗಿರಲು ಅವಕಾಶ ಸಿಕ್ಕಿತು.

ಲಂಡನ್ನಿನ ಹಳೇ ಪುಸ್ತಕ, ಲೈಬ್ರರಿಯ ಹುಡುಗಿ

ಲಂಡನ್ನಿನಲ್ಲಿ ಮುರುಂಬಿ ವಸಾಹತುಗಳ ಬಿಡುಗಡೆಗಾಗಿ ದುಡಿಯುವ ಸಂಘಟನೆಯಲ್ಲಿ ಕೆಲಸ ಮಾಡಿದರು, ಮೊರಾಕೋ ದೇಶದ ರಾಯಭಾರ ಕಚೇರಿಯಲ್ಲೂ ಸ್ವಲ್ಪ ಕಾಲ ಇದ್ದರು. ಸಂಬಳ ಅಷ್ಟಕ್ಕಷ್ಟೆ. ಆದರೂ ಹಳೇ ಪುಸ್ತಕದ ಅಂಗಡಿ ಕಂಡರೆ ಕಾಲು ಅತ್ತ ತಿರುಗುತ್ತಿತ್ತು. ಆಫ್ರಿಕಾದ ಬಗ್ಗೆ ಬಂದ ಪುಸ್ತಕ ಯಾವುದೇ ಇರಲಿ ಕೊಳ್ಳುತ್ತಿದ್ದರು. ಪ್ರವಾಸಿಗಳು, ಪಾದ್ರಿಗಳು, ಸೈನಿಕರು ಬರೆದಿಟ್ಟ ಹಳೇ ಗ್ರಂಥಗಳು.

ಯಾಕೆ ಅಂತ ಯೋಚಿಸಿ. ಆಫ್ರಿಕಾದವರಿಗೆ ಇತಿಹಾಸವೇ ಇಲ್ಲ ಅಂತ ವಸಾಹತು ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಇತಿಹಾಸದ ಕಾಗದ, ವಿಗ್ರಹ, ಮುಖವಾಡಗಳೆಲ್ಲ ಯೂರೋಪಿನ ಅಂಗಡಿಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಇದ್ದವು. ತಮ್ಮ ದೇಶಕ್ಕೆ ಕಾಲಿಡಲಾಗದ ಮನುಷ್ಯ ತಮ್ಮ ದೇಶವನ್ನೇ ಸ್ವಲ್ಪ ಸ್ವಲ್ಪವಾಗಿ ಖರೀದಿಸಿ ಕಪಾಟಿನಲ್ಲಿ ಜೋಡಿಸಿಕೊಂಡಂತೆ ಇತ್ತು ಅದು. ಹವ್ಯಾಸ ಅಂತ ಕರೆಯಿರಿ, ಹಟ ಅಂತ ಕರೆಯಿರಿ.

ಅಲ್ಲೇ ಪರಿಚಯವಾದವರು ಶೀಲಾ ಕೇನ್. ಇಂಗ್ಲಿಷ್ ಮಹಿಳೆ, ವೃತ್ತಿಯಿಂದ ಲೈಬ್ರೇರಿಯನ್. ಪುಸ್ತಕ ಕೂಡಿಡುವವರಿಗೆ ಲೈಬ್ರರಿಯವರೇ ಸಿಕ್ಕರೆ ಇನ್ನೇನು ಬೇಕು! ಕೀನ್ಯಾದಲ್ಲಿ ಬಿಳಿಯರೂ ಕರಿಯರೂ ಒಂದೇ ಬೆಂಚಿನಲ್ಲಿ ಕೂರದ ಕಾಲದಲ್ಲಿ ಈ ಇಬ್ಬರು ಜೊತೆಯಾದರು. ಮುಂದೆ ಮುರುಂಬಿಯವರ ಪ್ರತಿ ಸಂಗ್ರಹದ ಹಿಂದೆ ಶೀಲಾ ಇದ್ದರು. ಇವತ್ತು ನೈರೋಬಿಯಲ್ಲಿ ಆ ವಸ್ತುಗಳನ್ನು ಇಟ್ಟಿರುವಲ್ಲಿ ಇಬ್ಬರ ಹೆಸರೂ ಇದೆ.

1962ರಲ್ಲಿ ಮುರುಂಬಿ ತಾಯ್ನಾಡಿಗೆ ಮರಳಿದರು. 1963ರ ಡಿಸೆಂಬರ್ 12ಕ್ಕೆ ಕೀನ್ಯಾ ಸ್ವತಂತ್ರವಾಯಿತು. ಮೊದಲು ಪ್ರಧಾನಿ ಕಚೇರಿಯಲ್ಲಿ ಸಚಿವರು, 1964ರಿಂದ ವಿದೇಶಾಂಗ ಸಚಿವರು. ಹೊಸ ದೇಶಕ್ಕೆ ಜಗತ್ತಿನ ಊರೂರಲ್ಲಿ ರಾಯಭಾರ ಕಚೇರಿ ತೆರೆಯುವ ಕೆಲಸ ಅವರ ಹೆಗಲಿಗೆ ಬಿತ್ತು. ಎಲ್ಲಿಗೆ ಹೋದರೂ ವಾಪಸು ಬರುವಾಗ ಪೆಟ್ಟಿಗೆಯಲ್ಲಿ ಪುಸ್ತಕ, ಕೆತ್ತನೆ, ಬಟ್ಟೆ, ಅಂಚೆಚೀಟಿ.

ಅಂಚೆಚೀಟಿಯ ಹುಚ್ಚು ನಮ್ಮ ತಂದೆ ತಾಯಿಯರ ಕಾಲಕ್ಕೇ ಹೆಚ್ಚುಕಡಿಮೆ ಮುಗಿಯಿತು, ನಮ್ಮಲ್ಲಿ ಅನೇಕರು ಆಲ್ಬಮ್ ನೋಡಿಯೇ ಇಲ್ಲ. ಆದರೆ ಒಂದು ಖಂಡದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುವಾಗ ಚೀಟಿಯ ಮೇಲಿನ ರಾಣಿಯ ಮುಖ ಹೋಗಿ ತಮ್ಮದೇ ಪ್ರಾಣಿ, ತಮ್ಮದೇ ಹೂವು, ತಮ್ಮದೇ ನಾಯಕರ ಮುಖ ಬರುವುದನ್ನು ನೋಡುವುದು ಎಂಥ ಸಂತೋಷ ಇರಬೇಕು! ಮುರುಂಬಿಯವರ ಆಫ್ರಿಕಾದ ಅಂಚೆಚೀಟಿ ಸಂಗ್ರಹ ಇವತ್ತಿಗೂ ಹೆಸರುವಾಸಿ.

1965ರ ಫೆಬ್ರುವರಿ

ಬಿಡುಗಡೆಯಾದ ಮೇಲೆ ಪಿಂಟೊ ಪತ್ರಿಕೆ ನಡೆಸಿದರು, ಪಕ್ಷ ಕಟ್ಟಿದರು, 1964ರಲ್ಲಿ ಸಂಸತ್ ಸದಸ್ಯರಾದರು. ಪೋರ್ಚುಗೀಸರ ಕೈಯಲ್ಲಿದ್ದ ಮೊಜಾಂಬಿಕ್ ಬಿಡುಗಡೆಗೆ ಸಹಾಯ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಭೂಮಿ ಯಾರಿಗೆ ಹೋಗಬೇಕು ಅನ್ನುವ ಪ್ರಶ್ನೆಯಲ್ಲಿ ಅವರದು ಬಡವರ ಪಕ್ಷ. ಅದು ಎಲ್ಲರಿಗೂ ಹಿಡಿಸುವ ಮಾತಾಗಿರಲಿಲ್ಲ.

1965ರ ಫೆಬ್ರುವರಿ 24ರ ಬೆಳಿಗ್ಗೆ, ವೆಸ್ಟ್‌ಲ್ಯಾಂಡ್ಸ್‌ನ ತಮ್ಮ ಮನೆಯ ಗೇಟಿನ ಬಳಿ, ಕಾರಿನಲ್ಲಿದ್ದಾಗಲೇ ಪಿಂಟೊ ಅವರನ್ನು ಗುಂಡಿಟ್ಟು ಕೊಂದರು. ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗಳಿದ್ದಳು. ಅವರಿಗೆ ಇನ್ನೂ 38 ತುಂಬಿರಲಿಲ್ಲ. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಅದು. ಕಿಸಿಲು ಮುಟುವಾ ಎಂಬ ಯುವಕನಿಗೆ ಶಿಕ್ಷೆಯಾಯಿತು. ಮೂವತ್ತೈದು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದು 2001ರಲ್ಲಿ ಹೊರಬಂದ ಅವನು, ತಾನು ನಿರಪರಾಧಿ ಎಂದೇ ಕೊನೆತನಕ ಹೇಳಿದ. ಹಿಂದೆ ನಿಂತು ಕೊಲ್ಲಿಸಿದವರಿಗೆ ಶಿಕ್ಷೆ ಆಗಲಿಲ್ಲ. 1967ರಲ್ಲಿ ಎಮ್ಮಾ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕೆನಡಾಕ್ಕೆ ಹೊರಟುಹೋದರು.

ಮುರುಂಬಿ ಆಗ ವಿದೇಶಾಂಗ ಸಚಿವರು. ಅವರೇ ಇದ್ದ ಸರ್ಕಾರದ ಕಾಲದಲ್ಲಿ, ಅವರನ್ನು ರಾಜಕೀಯಕ್ಕೆ ಕರೆತಂದ ಗೆಳೆಯನ ಹೆಣ ಬಿದ್ದಿತ್ತು. ಒಂದು ವರ್ಷ ಕಳೆಯಿತು. 1966ರ ಏಪ್ರಿಲ್‌ನಲ್ಲಿ ಮೊದಲ ಉಪಾಧ್ಯಕ್ಷ ಒಗಿಂಗಾ ಒಡಿಂಗಾ ಕೆನ್ಯಾಟಾ ಜೊತೆ ಮುರಿದುಕೊಂಡು ಹೊರಬಿದ್ದರು. ಮೇ ತಿಂಗಳಲ್ಲಿ ಆ ಕುರ್ಚಿ ಮುರುಂಬಿಯವರಿಗೆ ಬಂತು. ದೇಶದಲ್ಲಿ ಎರಡನೇ ಸ್ಥಾನ. ಎಷ್ಟೋ ಜನ ಜೀವಮಾನವಿಡೀ ಕಾದರೂ ಸಿಗದ ಕುರ್ಚಿ.

ಅದೇ ವರ್ಷ ಮುಗಿಯುವುದರೊಳಗೆ ಅವರು ಅದನ್ನು ಬಿಟ್ಟು ಎದ್ದರು. ಹೊರಗೆ ಹೇಳಿದ ಕಾರಣ ಆರೋಗ್ಯ. ಅವರನ್ನು ಹತ್ತಿರದಿಂದ ಬಲ್ಲವರು ಹೇಳುತ್ತಾ ಬಂದದ್ದು ಬೇರೆ: ಪಿಂಟೊ ಕೊಲೆ ಮನಸ್ಸಿನಿಂದ ಹೋಗಿರಲಿಲ್ಲ, ಅಧಿಕಾರದಲ್ಲಿದ್ದವರು ಜಮೀನು ಬಾಚಿಕೊಳ್ಳುತ್ತಿದ್ದದ್ದನ್ನು ನೋಡಿ ಸುಮ್ಮನಿರಲು ಆಗುತ್ತಿರಲಿಲ್ಲ. 1967ರ ಜನವರಿಯಲ್ಲಿ ಆ ಜಾಗಕ್ಕೆ ಡೇನಿಯಲ್ ಅರಪ್ ಮೋಯ್ ಬಂದರು. ಮುಂದೆ ಅವರು ಅಧ್ಯಕ್ಷರೂ ಆಗಿ 2002ರವರೆಗೆ ಆಳಿದರು. ಮುರುಂಬಿ ಕೂತಿದ್ದ ಕುರ್ಚಿ ಅಷ್ಟು ದೂರ ಕರೆದುಕೊಂಡು ಹೋಗುವಂಥದ್ದು. ಅವರು ಇಳಿದು ಮನೆಗೆ ನಡೆದರು.

ಬೀದಿಗಿಳಿದು ಭಾಷಣ ಮಾಡಲಿಲ್ಲ, ಬೇರೆ ಪಕ್ಷ ಕಟ್ಟಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಬೇಕಿತ್ತು ಅಂತ ನಮ್ಮಲ್ಲಿ ಕೆಲವರು ವಾದಿಸಿದರು, ಅದಕ್ಕೂ ಅರ್ಥ ಇದೆ. ಆದರೆ ಗೆಳೆಯ ಹೋದ ಮೇಲೂ ಏನೂ ಆಗದವರಂತೆ ಕುರ್ಚಿಯಲ್ಲಿ ಕೂರಲಾಗದ ಮನುಷ್ಯನನ್ನು ನಾವೆಲ್ಲ ಒಪ್ಪಿಕೊಂಡೆವು.

ಮುತೈಗಾದ ಮನೆ

ಜೀವನಕ್ಕೆ ಒಂದು ನೌಕರಿ ಬೇಕಲ್ಲ, ರಾಥ್‌ಮನ್ಸ್ ಸಿಗರೇಟು ಕಂಪನಿಯ ಕೀನ್ಯಾ ಶಾಖೆಯ ಅಧ್ಯಕ್ಷರಾದರು. ಉಳಿದ ಹೊತ್ತೆಲ್ಲ ಮನೆಗೆ, ಸಂಗ್ರಹಕ್ಕೆ.

ನೈರೋಬಿಯ ಮುತೈಗಾ ಬಡಾವಣೆಯಲ್ಲಿ ಅವರ ಮನೆ. ಬ್ರಿಟಿಷರ ಕಾಲದಲ್ಲಿ ಮುತೈಗಾ ಅಂದರೆ ಬಿಳಿಯ ಸಾಹೇಬರ ಜಾಗ. ಅಲ್ಲಿ ಈ ದಂಪತಿಯ ಮನೆ ಪುಸ್ತಕಗಳಿಂದ, ಆಫ್ರಿಕಾದ ಮೂಲೆಮೂಲೆಯ ಕಲೆಯಿಂದ ತುಂಬಿತು. ಸುತ್ತ ಈ ನೆಲದ್ದೇ ಮರಗಳು. ಕಲಾವಿದರು, ಬರಹಗಾರರು, ಹಳೇ ಹೋರಾಟಗಾರರು ಬಂದು ಹೋಗುವ ಮನೆ. 1900ಕ್ಕಿಂತ ಹಿಂದೆ ಅಚ್ಚಾದ ಪುಸ್ತಕಗಳೇ 8,000ಕ್ಕೂ ಹೆಚ್ಚು ಇದ್ದವು. ಇನ್ನು ಹೊಸವುಗಳ ಲೆಕ್ಕ ಬೇರೆ.

1972ರಲ್ಲಿ ಅಲನ್ ಡೊನೊವನ್ ಎಂಬ ಅಮೆರಿಕನ್ ಗೆಳೆಯನ ಜೊತೆ ಸೇರಿ ನೈರೋಬಿಯಲ್ಲಿ ಆಫ್ರಿಕನ್ ಹೆರಿಟೇಜ್ ಎಂಬ ಗ್ಯಾಲರಿ ತೆರೆದರು. ಆಫ್ರಿಕಾದ ಬೇರೆ ಬೇರೆ ದೇಶಗಳ ನೇಯ್ಗೆ, ಮಣಿಸರ, ಮುಖವಾಡ, ಶಿಲ್ಪ ಎಲ್ಲ ಒಂದೇ ಸೂರಿನಡಿ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಇಟ್ಟದ್ದಲ್ಲ, ಕೊಂಡು ಮನೆಗೆ ಒಯ್ದು ಗೋಡೆಗೆ ಹಾಕಿಕೊಳ್ಳುವಂಥದ್ದು, ಮೈಮೇಲೆ ತೊಡುವಂಥದ್ದು. ಅಲ್ಲಿಂದ ಉಡುಪಿನ ಪ್ರದರ್ಶನಗಳು ಹೊರಟವು, ಸಂಗೀತದ ತಂಡವೂ ಹುಟ್ಟಿತು. ನ್ಯಾಟಿಟಿ ವಾದ್ಯಕ್ಕೆ ಹೆಸರಾದ ಆಯುಬ್ ಒಗಾಡಾ ಆ ತಂಡದಿಂದಲೇ ಬಂದವರು. ಇವತ್ತು ನೈರೋಬಿಯ ಮಾಲುಗಳಲ್ಲಿ ಹಿತ್ತಾಳೆಯ, ಮಣಿಯ ಆಫ್ರಿಕನ್ ಒಡವೆ ಹಾಕಿಕೊಂಡು ಓಡಾಡುವ ಹುಡುಗಿಯರನ್ನು ನೋಡುತ್ತೇವಲ್ಲ, ಅಂಥ ಅಭಿರುಚಿಗೆ ದಾರಿ ಮಾಡಿಕೊಟ್ಟವರಲ್ಲಿ ಇವರೂ ಇದ್ದಾರೆ.

1970ರ ದಶಕದ ಕೊನೆಗೆ ಮುರುಂಬಿ ದೊಡ್ಡ ತೀರ್ಮಾನಕ್ಕೆ ಬಂದರು. ಸಂಗ್ರಹಕ್ಕೆ ಹೊರದೇಶಗಳಿಂದ ಬೇಡಿಕೆ ಇತ್ತು, ಹೆಚ್ಚು ಹಣ ಸಿಗುತ್ತಿತ್ತು. ಆಫ್ರಿಕಾದಿಂದ ಹೊರಗೆ ಹೋದದ್ದನ್ನು ಒಂದೊಂದೇ ವಾಪಸು ತಂದವರು ಮತ್ತೆ ಹೊರಗೆ ಕಳಿಸುತ್ತಾರೆಯೇ? ಮನೆ, ಪುಸ್ತಕ, ಕಲಾಕೃತಿ ಎಲ್ಲವನ್ನೂ ಕಡಿಮೆ ಬೆಲೆಗೆ ಕೀನ್ಯಾ ಸರ್ಕಾರಕ್ಕೇ ಕೊಟ್ಟರು. ಆ ಮನೆ ಆಫ್ರಿಕಾ ಅಧ್ಯಯನದ ಸಂಸ್ಥೆಯಾಗಬೇಕು, ನಮ್ಮಂಥ ವಿದ್ಯಾರ್ಥಿಗಳು ಬಂದು ಓದುವಂತಾಗಬೇಕು ಅನ್ನುವುದು ಅವರ ಆಸೆ. ತಾವು ಶೀಲಾ ಜೊತೆ ಮಾಸಾಯಿ ಸೀಮೆಯ ಟ್ರಾನ್ಸ್‌ಮಾರಾದಲ್ಲಿ, ಇಂಟೋನಾ ಎಂಬ ತಮ್ಮ ರಾಂಚ್‌ನಲ್ಲಿ, ದೊಡ್ಡ ಮನೆ ಕಟ್ಟಿಕೊಂಡು ಹೋದರು. ತಂದೆ ಹಡಗು ಹತ್ತಿಸಿದ್ದ ಹುಡುಗ ಇಳಿವಯಸ್ಸಿನಲ್ಲಿ ತಾಯಿಯ ಜನರ ನೆಲಕ್ಕೆ ಮರಳಿದಂತಾಯಿತು.

ಸಂಸ್ಥೆ ಆಗಲೇ ಇಲ್ಲ. ಪುಸ್ತಕ, ಕಲಾಕೃತಿಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋದವು. ಮುತೈಗಾದ ಮನೆ ನೋಡುವವರಿಲ್ಲದೆ ಹಾಳುಬಿತ್ತು. ಕೊನೆಗೆ ಮನೆಯನ್ನು ಕೆಡವಿ, ಮರ ಕಡಿದು, ಜಾಗವನ್ನು ಬೇರೆ ಮನೆಗಳಿಗೆ ಹಂಚಲಾಯಿತು. ಆರೋಗ್ಯ ಕೆಟ್ಟು ನೈರೋಬಿಗೆ ಮರಳಿದ್ದ ಮುರುಂಬಿ ಆಗ ಗಾಲಿಕುರ್ಚಿಯಲ್ಲಿದ್ದರು. ತಾವು ಪ್ರೀತಿಸಿದ್ದ ಮರಗಳು ಬಿದ್ದದ್ದನ್ನು ಕಣ್ಣಾರೆ ನೋಡಿದರು, ಆ ನೋವು ಅವರನ್ನು ಕುಗ್ಗಿಸಿತು ಎಂದು ಹತ್ತಿರದವರು ಹೇಳುತ್ತಾರೆ. ಮನೆ ಅಂದರೆ ಗೋಡೆ ಮಾತ್ರ ಅಲ್ಲ ಅಂತ ನಾವು ಹೇಳುತ್ತಿರುತ್ತೇವೆ. ಆದರೆ ಗೋಡೆ ಹೋದಾಗಲೂ ನೋವಾಗುತ್ತದೆ. ಊರಿನಲ್ಲಿ ಅಜ್ಜನ ಮನೆ ಮಾರಿದ ಸುದ್ದಿ ಫೋನಿನಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1990ರ ಜೂನ್ 22ರಂದು, 79 ತುಂಬಿದ ನಾಲ್ಕೇ ದಿನಕ್ಕೆ, ಮುರುಂಬಿ ತೀರಿಕೊಂಡರು.

ಉಳಿದದ್ದು

ಅವರಿಗೆ ಒಂದು ಕೊನೆಯ ಆಸೆ ಇತ್ತು, ಗೆಳೆಯ ಪಿಂಟೊ ಪಕ್ಕದಲ್ಲಿ ಮಲಗಬೇಕು ಅನ್ನುವುದು. ಪಿಂಟೊ ಸಮಾಧಿ ಇರುವುದು ಸಿಟಿ ಪಾರ್ಕ್ ಸ್ಮಶಾನದಲ್ಲಿ. ಅದರ ಪಕ್ಕದ ಉದ್ಯಾನದಲ್ಲೇ ಮುರುಂಬಿಯವರನ್ನು ಮಣ್ಣುಮಾಡಿದರು. ಕೊಲೆಯಾಗಿ ಇಪ್ಪತ್ತೈದು ವರ್ಷ ಕಳೆದಿತ್ತು. ಅಷ್ಟು ಕಾಲ ಆ ಗೆಳೆತನ ಕಾದಿತ್ತು. 2000ದಲ್ಲಿ ಶೀಲಾ ತೀರಿಕೊಂಡಾಗ ಅವರನ್ನೂ ಅಲ್ಲೇ ಗಂಡನ ಪಕ್ಕದಲ್ಲಿ ಇಟ್ಟರು. ಈಗ ಆ ಜಾಗ ಮುರುಂಬಿ ಶಾಂತಿ ಸ್ಮಾರಕ. ಸುತ್ತ ಆಫ್ರಿಕಾದ ಶಿಲ್ಪಿಗಳ ಕೆತ್ತನೆಗಳಿವೆ, ಮೇಲೆ ಹಳೆಯ ಕಾಡಿನ ಮರಗಳಿವೆ. ಮುತೈಗಾದಲ್ಲಿ ಕಳೆದುಕೊಂಡ ನೆರಳು ಇಲ್ಲಿ ಸಿಕ್ಕಿದೆ. ಧಾರವಾಡದಲ್ಲಿ ಓದಿದವರೂ ಬಳ್ಳಾರಿಯಲ್ಲಿ ಓದಿದವರೂ ಪಾರ್ಕ್‌ಲ್ಯಾಂಡ್ಸ್ ಪಕ್ಕದ ಒಂದೇ ಉದ್ಯಾನದಲ್ಲಿ ಮಲಗಿದ್ದಾರೆ ಅನ್ನುವುದು ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದನ್ನು ಓದಿದವರು ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಮೊದಲು ಮೋಯ್ ಅವೆನ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ. ಹಿಂದೆ ಬ್ಯಾಂಕಾಗಿದ್ದ ಕಲ್ಲಿನ ಕಟ್ಟಡ, ಎದುರಿಗೇ ಟಾಮ್ ಎಂಬೋಯಾ ಪ್ರತಿಮೆ. ಗೆಳೆಯರು ಸಿಗೋಣ ಅಂತ ನಾವು ದಿನಾ ಹೇಳಿಕೊಳ್ಳುವ ಜಾಗವೇ ಅದು, ಒಳಗೆ ಹೋದವರು ಮಾತ್ರ ಕಡಿಮೆ. ನೆಲ ಅಂತಸ್ತಿನಲ್ಲೇ ಮುರುಂಬಿ ಗ್ಯಾಲರಿ ಇದೆ. ಅಲ್ಲಿಂದ ಕೆನ್ಯಾಟಾ ಅವೆನ್ಯೂ ಹಿಡಿದು ಉಹುರು ಹೆದ್ದಾರಿಯ ಕಡೆ ನಡೆದರೆ ನೈರೋಬಿ ಗ್ಯಾಲರಿ ಸಿಗುತ್ತದೆ. ಅದು 1913ರ ಕಟ್ಟಡ. ಬ್ರಿಟಿಷರ ಕಾಲದಲ್ಲಿ ಊರಿನ ಹುಟ್ಟು, ಮದುವೆ, ಸಾವು ಮೂರನ್ನೂ ಅಲ್ಲೇ ಬರೆದುಕೊಳ್ಳುತ್ತಿದ್ದರು. ಎರಡು ಜನಾಂಗದ ನಡುವೆ ಹುಟ್ಟಿ, ಮೂರನೆಯದರಲ್ಲಿ ಸಂಗಾತಿಯನ್ನು ಕಂಡ ಮನುಷ್ಯನ ಸಂಗ್ರಹಕ್ಕೆ ಅದಕ್ಕಿಂತ ಸರಿಯಾದ ಜಾಗ ಸಿಗಲಿಕ್ಕಿಲ್ಲ.

ಜೊತೆಗೆ ಒಂದು ಚಿಕ್ಕ ಕೆಲಸವನ್ನು ನಮ್ಮ ಸಂಘದಲ್ಲಿ ಶುರುಮಾಡಿದ್ದೇವೆ. ಎಲ್ಲರೂ ಮನೆಗೆ ಫೋನ್ ಮಾಡಿ ಒಂದೊಂದು ಅಡುಗೆಯನ್ನು ಅಮ್ಮ, ಅಜ್ಜಿ, ಅಪ್ಪ ಹೇಗೆ ಮಾಡುತ್ತಾರೋ ಹಾಗೇ, ಅವರ ಮಾತಿನಲ್ಲೇ ಬರೆದಿಡುವುದು. ಹಳೇ ಫೋಟೋ ಇದ್ದರೆ ಅದರ ಹಿಂದೆ ಯಾರು, ಯಾವ ಊರು, ಯಾವ ವರ್ಷ ಅಂತ ಬರೆಸಿಕೊಳ್ಳುವುದು. ಎಂಟು ಸಾವಿರ ಪುಸ್ತಕ ಕೂಡಿಸುವ ತಾಕತ್ತು ನಮಗಿಲ್ಲ, ಎಂಬತ್ತು ಪುಟದ ಒಂದು ನೋಟ್‌ಬುಕ್ ತುಂಬಿಸಬಹುದು. ಈಗಾಗಲೇ ಜೋಳದ ರೊಟ್ಟಿ, ಬಸ್ಸಾರು, ಪತ್ರೊಡೆ, ಮಡಿಕೇರಿಯ ಕಡುಬು ಬಂದಿವೆ. ವಿಂಬಿ ಹಿಟ್ಟಿನಲ್ಲಿ ಗಂಟಾಗದಂತೆ ಮುದ್ದೆ ತಿರುವುವ ವಿಧಾನವನ್ನು ಇಬ್ಬರು ಎರಡು ಥರ ಬರೆದುಕೊಟ್ಟಿದ್ದಾರೆ, ಜಗಳ ಇನ್ನೂ ಮುಗಿದಿಲ್ಲ.

ಸಿಟಿ ಪಾರ್ಕಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಕೋತಿಗಳ ಹಿಂಡು ಇದೆ, ಕೈಯಲ್ಲಿ ಬಾಳೆಹಣ್ಣೋ ಚಪಾತಿಯೋ ಕಂಡರೆ ಬಿಡುವುದಿಲ್ಲ. ಬುತ್ತಿಯನ್ನು ಚೀಲದೊಳಗೇ ಇಟ್ಟುಕೊಂಡು, ಮೊದಲು ಪಿಂಟೊ ಸಮಾಧಿ ನೋಡಿ. ಆಮೇಲೆ ನಾಲ್ಕು ಹೆಜ್ಜೆ ಈಚೆ ಬಂದು ಜೋಸೆಫ್ ಮತ್ತು ಶೀಲಾ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ.